ತಿಪ್ಪೇಶಿ ಊರಿನ ನಕ್ಷೆ ಹಾಕಿದ್ದು

ಚಳ್ಳಕೆರೆ ದಾಟಿ ಆಂಧ್ರದ ಗಡಿ ಕಡೆಗೆ ಹೋದರೆ ಕರಿಮರಡಿ ಅಂತ ಒಂದೂರು. ಆ ಊರಲ್ಲಿ ಕಂಬಳಿ ನೇಯೋ ಪಾಲಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ತಿಪ್ಪೇಶಿ ಅಂತ ಒಬ್ಬನೇ ಮಗ. ವಯಸ್ಸು ಇಪ್ಪತ್ತೆಂಟು. ಆಳು ಗಟ್ಟಿ, ಮಾತು ಮೆತ್ತಗೆ. ಓದೋಕೆ ಬರೆಯೋಕೆ ಬರ್ತಿತ್ತು, ಸುಳ್ಳು ಹೇಳೋಕೆ ಬರ್ತಿರಲಿಲ್ಲ. ಅವನದು ಒಂದೇ ತೊಂದರೆ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ.

ಒಂದಿನ ಪಾಲಮ್ಮ, "ಹಾಲು ಉಕ್ಕೋದನ್ನ ನೋಡ್ಕೊಂಡಿರು" ಅಂತ ಹೇಳಿ ನೀರಿಗೆ ಹೋದಳು. ಬಂದು ನೋಡ್ತಾಳೆ, ಹಾಲೆಲ್ಲ ಉಕ್ಕಿ ಒಲೆ ಆರಿಹೋಗಿದೆ, ಮಗ ಪಕ್ಕದಲ್ಲೇ ಕೂತಿದ್ದಾನೆ.

"ಏನೋ ಮಾಡ್ತಿದ್ದೆ?"

"ನೋಡ್ತಿದ್ದೆ ಅವ್ವ. ಚೆನ್ನಾಗಿ ಉಕ್ತು."

"ಉಕ್ಕೋಕೆ ಮುಂಚೆ ಇಳಿಸಬೇಕಪ್ಪ."

"ಹ್ಞೂ" ಅಂದ ತಿಪ್ಪೇಶಿ. ಮಾರನೇ ದಿನ ಪಾತ್ರೆ ಒಲೆ ಮೇಲಿಟ್ಟ, ಇಟ್ಟ ತಕ್ಷಣ ಇಳಿಸಿದ. ಉಕ್ಕೋಕೆ ಮುಂಚೆ ಅಲ್ಲವಾ. ಅವತ್ತು ಇಬ್ಬರೂ ಹಸಿ ಹಾಲೇ ಕುಡಿದರು.

ಇಂಥ ಮಗನನ್ನ ಇಟ್ಟುಕೊಂಡು ಪಾಲಮ್ಮ ಬದುಕು ಸಾಗಿಸ್ತಿದ್ದಳು. ಊರವರು ಅವನನ್ನ ಪೆದ್ದ ತಿಪ್ಪೇಶಿ ಅಂತಿದ್ದರು. ಅವನು ಅದಕ್ಕೂ "ಹ್ಞೂ" ಅಂತಿದ್ದ.

ಆ ತಾಲ್ಲೂಕಲ್ಲಿ ಕರಿಮರಡಿ ಅನ್ನೋ ಹೆಸರಿನ ಊರು ಎರಡಿದ್ದವು. ಹಿಂದಿನ ವರ್ಷ ಪಾಲಮ್ಮನ ತಂಗಿ ಮಗಳಿಗೆ ಹೆರಿಗೆ ನೋವು ಬಂದಾಗ ಆಂಬುಲೆನ್ಸ್ ಇನ್ನೊಂದು ಕರಿಮರಡಿಗೆ ಹೋಗಿ ನಿಂತಿತ್ತು. ಹುಡುಗಿ ಟ್ರಾಕ್ಟರ್ ಟ್ರೈಲರಿನಲ್ಲೇ ಹೆತ್ತಳು. ತಾಯಿ ಮಗು ಉಳಿದದ್ದೇ ಹೆಚ್ಚು. ನಕ್ಷೆಯಲ್ಲಿ ನೋಡಿದರೆ ಈ ಕರಿಮರಡಿ ಇರೋ ಕಡೆ ಬರೀ ಬಯಲು. ಊರಿಲ್ಲ, ಬೀದಿಯಿಲ್ಲ, ಎರಡು ಮೈಲಿ ಆಚೆಗಿನ ಮೇಲಿನಹಟ್ಟಿಯಂತೂ ಇಲ್ಲವೇ ಇಲ್ಲ.

ಹೀಗಿರೋವಾಗ ದಾವಣಗೆರೆಯಿಂದ ನಸೀಮಾ ಅಂತ ಒಬ್ಬಳು ಇಂಜಿನಿಯರ್ ಬಂದಳು. ಅವಳೂ ಅವಳ ಗೆಳೆಯರೂ ಸೇರಿ ಫೋನಿನಲ್ಲಿ ನಡೆಯೋ ಒಂದು ನಕ್ಷೆ ಮಾಡಿದ್ದರು. ಅದಕ್ಕೆ ಯಜಮಾನ ಅಂತ ಯಾರೂ ಇಲ್ಲ. ಊರವರೇ ತಮ್ಮ ಬೀದಿ, ಬಾವಿ, ಮನೆ ಅದರಲ್ಲಿ ಹಾಕಬಹುದು. ತಪ್ಪಿದ್ದರೆ ಯಾರು ಬೇಕಾದರೂ ತಿದ್ದಬಹುದು. ಆದರೆ ಮಾಡಿದವರೆಲ್ಲ ಇಂಜಿನಿಯರುಗಳು ನೋಡಿ, ತೆರೆದರೆ ನಲವತ್ತೊಂದು ಬಟನ್ನು. ಹೊಸಬರಿಗೆ ತಲೆ ಬುಡ ತಿಳೀತಿರಲಿಲ್ಲ. ಅದನ್ನ ಸುಲಭ ಮಾಡಬೇಕು ಅಂತಲೇ ನಸೀಮಾ ಬಂದದ್ದು.

ಅದರಲ್ಲಿ ಊರು ಹಾಕಿ ನೋಡೋಕೆ ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳೋ ರುದ್ರಮುನಿ ಊರಲ್ಲಿ ಒಂಬತ್ತು ಜನರನ್ನ ಸೇರಿಸಿದ, ಒಬ್ಬೊಬ್ಬರಿಗೂ ನಸೀಮಾ ಒಂದೊಂದು ಫೋನು ಕೊಡೋದು ಅಂತ ಆಯ್ತು. ಅದರಲ್ಲಿ ತಿಪ್ಪೇಶಿಯೂ ಒಬ್ಬ. ಕಳಿಸೋವಾಗ ಪಾಲಮ್ಮ ಅವನ ಅಂಗಿ ಗುಂಡಿ ಹಾಕಿ ಹೇಳಿದಳು.

"ಆ ಫೋನು ಏನು ಹೇಳುತ್ತೋ ಅದನ್ನ ಮಾಡು. ನಿನ್ನ ಬುದ್ಧಿ ಓಡಿಸಬೇಡ."

"ಹ್ಞೂ" ಅಂದ.

ಫೋನು ತೆರೆದ. "ನೀವಿರುವ ಜಾಗದಲ್ಲಿ ಒಂದು ಗುರುತು ಹಾಕಿ" ಅಂತ ಬಂತು. ತಿಪ್ಪೇಶಿ ಮನೆಗೆ ಹೋಗಿ ಒಂದು ಬಕೆಟ್ ಸುಣ್ಣ ಕಲಸಿಕೊಂಡು ಬಂದ. ಬಾವಿ ಹತ್ತಿರ ನಿಂತ, ನೆಲದ ಮೇಲೊಂದು ಗುರುತು ಹಾಕಿದ. ಶಾಲೆ ಮುಂದೆ ನಿಂತ, ಅಲ್ಲೊಂದು ಹಾಕಿದ. ಸಾಯಂಕಾಲದೊಳಗೆ ಊರ ತುಂಬ ಅರವತ್ತಮೂರು ಸುಣ್ಣದ ಗುರುತು. ಫೋನಲ್ಲಿ ಒಂದೂ ಇಲ್ಲ. ಮನೆ ಒಡೆಯೋಕೆ ಸರ್ಕಾರದವರು ಗುರುತು ಮಾಡಿ ಹೋಗಿದ್ದಾರೆ ಅಂತ ಜನ ಲೈಬ್ರರಿ ಮುಂದೆ ಸೇರಿಬಿಟ್ಟರು.

ರುದ್ರಮುನಿ ಬೈದ. "ನೆಲಕ್ಕೆ ಹಾಕು ಅಂದೋರು ಯಾರೋ ನಿನಗೆ? ಅದು ಏನು ಮಾಡು ಅಂದ್ರೂ ಫೋನಿಗೆ ಮಾಡಬೇಕು. ನೆಲಕ್ಕಲ್ಲ, ಫೋನಿಗೆ."

"ಹ್ಞೂ" ಅಂದ ತಿಪ್ಪೇಶಿ.

ನಸೀಮಾ ಬೈಯಲಿಲ್ಲ. ಒಂದು ನೋಟ್ ಬುಕ್ಕು ತೆಗೆದು ಏನೋ ಬರೆದುಕೊಂಡಳು.

ಮಾರನೇ ದಿನ ಫೋನು, "ಮೇಲೊಂದು ಪದರ ಸೇರಿಸಿ" ಅಂತು. ತಿಪ್ಪೇಶಿ ಸೀದಾ ಮನೆಗೆ ಹೋದ. ಅವ್ವನ ಮಗ್ಗದಿಂದ ಹೊಸದಾಗಿ ಇಳಿಸಿದ ಕಂಬಳಿ ತಗೊಂಡ, ಫೋನಿಗೆ ಹೊದಿಸಿದ. ತೆಗೆದು ನೋಡಿದ. "ಇನ್ನೊಂದು ಪದರ ಸೇರಿಸುವಿರಾ?" ಅಂತ ಕೇಳ್ತಿದೆ. ಇನ್ನೊಂದು ಕಂಬಳಿ ಹೊದಿಸಿದ. ಹೊರಗೆ ಏಪ್ರಿಲ್ ಬಿಸಿಲು. ಮಧ್ಯಾಹ್ನದ ಹೊತ್ತಿಗೆ ಫೋನು ಕಾದ ಹಂಚಿನ ಹಾಗಾಗಿ ಆರಿಹೋಯ್ತು.

"ಚಳಿ ಆಗಿತ್ತೇನೋ ಅದಕ್ಕೆ?" ಅಂದಳು ಪಾಲಮ್ಮ.

"ನನಗೇನು ಗೊತ್ತು ಅವ್ವ. ಅದೇ ಕೇಳ್ತು."

ರುದ್ರಮುನಿ ಮತ್ತೆ ಬೈದ. "ಫೋನಿನ ಮೇಲಲ್ಲಯ್ಯ, ಒಳಗೆ. ಏನಿದ್ರೂ ಬೆರಳಲ್ಲಿ ಮುಟ್ಟಿ ಒಳಗೇ ಮಾಡು. ಕೂತಲ್ಲಿಂದ ಏಳಬೇಡ."

"ಹ್ಞೂ" ಅಂದ.

ನಸೀಮಾ ಮತ್ತೆ ನೋಟ್ ಬುಕ್ಕಿನಲ್ಲಿ ಬರೆದುಕೊಂಡಳು. "ಪದರ ಅಂದ್ರೆ ನಮಗೆ ಗೊತ್ತು, ಅವನಿಗೆ ಹೇಗೆ ಗೊತ್ತಾಗಬೇಕು?" ಅಂತ ತನ್ನಷ್ಟಕ್ಕೆ ಅಂದುಕೊಂಡಳು. ಆ ಬಟನ್ನನ್ನೇ ತೆಗೆದುಹಾಕಿದಳು.

ಮೂರನೇ ದಿನ ರುದ್ರಮುನಿ ಫೋನು ಕೈಗೆ ಕೊಟ್ಟು, "ಇವತ್ತು ಕೆರೆ ಸುತ್ತಿ ಬಾ" ಅಂದ. ಕೆರೆ ದಂಡೆಯಲ್ಲಿ ನಡೆದು ಬಂದರೆ ಫೋನು ತಾನೇ ಗೆರೆ ಎಳೆದುಕೊಳ್ತಿತ್ತು. ತಿಪ್ಪೇಶಿ ಕೂತಲ್ಲಿಂದ ಏಳಲಿಲ್ಲ. ಬೆರಳಿಟ್ಟು ಫೋನಿನ ಒಳಗೇ ಕೆರೆ ಸುತ್ತಿದ. ಕಂಬಳಿ ನೂಲು ತಿರುವಿ ತಿರುವಿ ದಪ್ಪಗಾದ ಬೆರಳು ಅದು. ಕೆರೆಯ ಜೊತೆಗೆ ಮೇಗಳ ಬೀದಿ, ಕೆಳಗಳ ಬೀದಿ, ಶಾಲೆ ಎಲ್ಲವೂ ನೀರೊಳಗೆ ಬಂದವು.

ಎಲ್ಲರೂ ನೋಡಬಹುದಾದ ನಕ್ಷೆ ತಾನೆ. ಅವತ್ತೇ ಊರಿನ ತಿಮ್ಮಾರೆಡ್ಡಿಗೆ ಬಳ್ಳಾರಿಯಿಂದ ಅಳಿಯ ಫೋನ್ ಮಾಡಿದ. "ಮಾವ, ನಿಮ್ಮನೆ ಕೆರೆ ಒಳಗೆ ಕಾಣ್ತಿದೆ. ಎಲ್ಲ ಕ್ಷೇಮವಾ?"

ತಿಮ್ಮಾರೆಡ್ಡಿ ಪಂಚೆ ಎತ್ತಿಕಟ್ಟಿಕೊಂಡು ಲೈಬ್ರರಿಗೆ ಬಂದ. "ನಮ್ಮಪ್ಪನ ಕಾಲದ ಮನೆ. ಈ ಕೆರೆ ತುಂಬಿದ್ದೇ ನಾನು ನೋಡಿಲ್ಲ, ನೀವು ನಮ್ಮನ್ನ ಮುಳುಗಿಸಿಬಿಟ್ರಲ್ಲ" ಅಂದ.

ಈ ಸಲ ಪಾಲಮ್ಮನೇ ಮಗನಿಗೆ ಹೇಳಿದಳು. "ಕೂತು ಮಾಡೋ ಕೆಲಸ ಅಲ್ಲ ಇದು. ನಿನ್ನ ಕಾಲು ಎಲ್ಲಿ ನಡೆದಿದೆಯೋ ಅದನ್ನ ಮಾತ್ರ ಹಾಕು. ಕಾಲು ಇಟ್ಟದ್ದು ಒಂದೂ ಬಿಡಬೇಡ, ಇಡದೇ ಇದ್ದದ್ದು ಒಂದೂ ಸೇರಿಸಬೇಡ."

"ಹ್ಞೂ" ಅಂದ.

ಮಾರನೇ ದಿನ ಮೇಲಿನಹಟ್ಟಿಗೆ ಹೋಗೋ ದಾರಿ ಹಾಕೋ ಕೆಲಸ. ತಿಪ್ಪೇಶಿ ಫೋನು ಹಿಡಿದು ನಡೆದ. ನಡೆಯೋವಾಗ ಎದುರಿಗೆ ಯಾರದೋ ಕುರಿಮರಿ ತಪ್ಪಿಸಿಕೊಂಡು ಓಡ್ತಿತ್ತು. ಹಿಡಿಯೋಣ ಅಂತ ಹಿಂದೆ ಹೋದ. ಮರಿ ಹುಣಸೆಮರ ಸುತ್ತಿತು, ಇವನೂ ಸುತ್ತಿದ. ಏಳು ಸುತ್ತಿಗೆ ಮರಿ ಸಿಕ್ತು. ಅದನ್ನ ಹಟ್ಟಿಗೆ ತಲುಪಿಸಿ ಬಂದ. ಕಾಲಿಟ್ಟದ್ದು ಒಂದೂ ಬಿಡಲಿಲ್ಲ.

ನಕ್ಷೆ ಪರೀಕ್ಷೆ ಮಾಡೋಕೆ ತಾಲ್ಲೂಕಿನ ಒಂದು ಸೇವಾ ಸಂಘದ ಆಂಬುಲೆನ್ಸ್ ಬಂತು. ಡ್ರೈವರ್ ಸೋಮ್ಲಾನಾಯ್ಕ. ನಸೀಮಾ, ರುದ್ರಮುನಿ ಇಬ್ಬರೂ ಮುಂದೆ ಕೂತರು. ಫೋನು ಬಲಕ್ಕೆ ಅಂತು, ನಾಯ್ಕ ಬಲಕ್ಕೆ ತಿರುಗಿಸಿದ. ಮತ್ತೆ ಬಲಕ್ಕೆ ಅಂತು. ಮತ್ತೆ ಬಲಕ್ಕೆ. ಮೂರನೇ ಸುತ್ತಿಗೆ ನಾಯ್ಕ ಗಾಡಿ ನಿಲ್ಲಿಸಿ ಮರದ ಕಡೆ ನೋಡಿದ.

"ಮೇಡಂ, ಈ ಮರಕ್ಕೆ ಹರಕೆ ಏನಾದ್ರೂ ಇದೆಯಾ?"

ಊರೆಲ್ಲ ನಕ್ಕಿತು. ಪಾಲಮ್ಮ ನಗಲಿಲ್ಲ. ಸೆರಗಲ್ಲಿ ಕಣ್ಣು ಒರೆಸಿಕೊಂಡು ನಸೀಮಾ ಹತ್ತಿರ ಬಂದಳು.

"ತಾಯಿ, ಇವನನ್ನ ಬಿಟ್ಟುಬಿಡು. ಯಾರಾದರೂ ಬುದ್ಧಿವಂತರನ್ನ ಕರ್ಕೋ. ನನ್ನ ತಂಗಿ ಮಗಳ ಹಾಗೆ ಇನ್ನೊಬ್ಬಳು ದಾರೀಲಿ ನರಳಬಾರದು. ಇವನ ಕೈಲಿ ಆಗಲ್ಲ ಇದು."

ನಸೀಮಾ ಅವಳನ್ನ ಪಕ್ಕದಲ್ಲಿ ಕೂರಿಸಿಕೊಂಡಳು.

"ಪಾಲಮ್ಮ, ನಾನು ಒಂಬತ್ತು ಜನಕ್ಕೆ ಫೋನ್ ಕೊಟ್ಟೆ. ಎಂಟು ಜನ 'ಎಲ್ಲ ತಿಳೀತು ಮೇಡಂ' ಅಂದು ಏನೂ ಮಾಡದೆ ವಾಪಸ್ ಕೊಟ್ಟರು. ಅವರಿಗೆ ತಿಳೀಲಿಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು? ನಿನ್ನ ಮಗ ಒಬ್ಬನೇ ಅಲ್ಲಿ ಬರೆದದ್ದನ್ನ ಓದಿ ಮಾಡಿದ್ದು. ಅವನು ತಪ್ಪಿದಾಗೆಲ್ಲ ನಾವು ಬರೆದದ್ದು ಎಲ್ಲಿ ತಪ್ಪಾಗಿದೆ ಅಂತ ನನಗೆ ಕಾಣುತ್ತೆ."

ಪಾಲಮ್ಮನಿಗೆ ಇದು ಪೂರ್ತಿ ಅರ್ಥ ಆಗಲಿಲ್ಲ. ಆದರೆ ತನ್ನ ಮಗನ ಬಗ್ಗೆ ಯಾರೂ ಹೀಗೆ ಮಾತಾಡಿದ್ದು ಅವಳು ಕೇಳಿರಲಿಲ್ಲ.

ದಾವಣಗೆರೆಯಲ್ಲಿದ್ದ ಗೆಳೆಯ ವಾದಿರಾಜ ಫೋನಿನಲ್ಲಿ ಜಗಳ ತೆಗೆದ. "ಒಬ್ಬ ಪೆದ್ದನಿಗೋಸ್ಕರ ಎರಡು ವರ್ಷದ ಕೆಲಸ ಕಿತ್ತು ಹಾಕ್ತೀಯಾ ನಸೀಮಾ?" ಅಂದ. "ನೀನು ಇಲ್ಲಿ ಬಂದು ನಾಲ್ಕು ದಿನ ಕೂತು ನೋಡು, ಆಮೇಲೆ ಮಾತಾಡು" ಅಂತ ಅವಳು ಫೋನಿಟ್ಟಳು. ಅವನು ಬಂದ. ಒಂದೇ ದಿನ ಕೂತ. ತಾನು ಮಾಡಿದ ಬಟನ್ನುಗಳಲ್ಲಿ ಹದಿನೆಂಟನ್ನ ತಾನೇ ತೆಗೆದ.

ಕೊನೆಗೆ ನಲವತ್ತೊಂದರಲ್ಲಿ ಉಳಿದದ್ದು ಐದು. ಒಂದರ ಮೇಲೆ ಬಾವಿಯ ಚಿತ್ರ, ಒಂದರ ಮೇಲೆ ಮನೆಯ ಚಿತ್ರ, ಒಂದರ ಮೇಲೆ ನಡೆಯೋ ಕಾಲಿನ ಚಿತ್ರ. ನಾಲ್ಕನೆಯದು, "ದಾರಿ ಬಿಟ್ಟು ಬೇರೆ ಕೆಲಸಕ್ಕೆ ಹೋಗ್ತಿದ್ದೀನಿ." ಐದನೆಯದು, "ಮತ್ತೆ ದಾರಿಗೆ ಬಂದೆ." ತಿಪ್ಪೇಶಿ ಮೇಲಿನಹಟ್ಟಿಗೆ ಮತ್ತೊಂದು ಸಲ ನಡೆದ. ದಾರಿ ಬಿಟ್ಟಾಗ ನಾಲ್ಕನೆಯದು ಒತ್ತಿದ, ಬಂದಾಗ ಐದನೆಯದು ಒತ್ತಿದ. ಹಳ್ಳದ ಹತ್ತಿರ ಒಂದು ಅಡ್ಡದಾರಿ ಇತ್ತು. "ಅದನ್ನೂ ಸೇರಿಸೋ, ಎಲ್ಲರೂ ಅದರಲ್ಲೇ ಹೋಗೋದು" ಅಂದ ರುದ್ರಮುನಿ. ತಿಪ್ಪೇಶಿ ಹೋಗಿ ನೋಡಿದ. ಮೋರಿ ಈಚೆಗೆ ಕುಸಿದಿತ್ತು, ಕಾಲಿಡೋಕೆ ಜಾಗ ಇರಲಿಲ್ಲ. ಕಾಲಿಡದ್ದನ್ನ ಸೇರಿಸಲಿಲ್ಲ.

ಹದಿನೈದು ದಿನ ಕಳೆದಿರಬೇಕು. ಬೆಳಿಗ್ಗೆ ಹತ್ತರ ಹೊತ್ತಿಗೆ ಮೇಲಿನಹಟ್ಟಿಯ ಚಿಕ್ಕೀರಪ್ಪನಿಗೆ ಹೊಲದಲ್ಲಿ ಮಂಡಲದ ಹಾವು ಕಚ್ಚಿತು. ಅವನ ಸೊಸೆ ಆಂಬುಲೆನ್ಸಿಗೆ ಫೋನ್ ಮಾಡಿದಳು. ಸೋಮ್ಲಾನಾಯ್ಕ ನಕ್ಷೆ ನೋಡಿಕೊಂಡು ಹೊರಟ. ಊರು ತಪ್ಪಲಿಲ್ಲ, ದಾರಿ ತಪ್ಪಲಿಲ್ಲ. ಹಳ್ಳದ ಹತ್ತಿರ ಜನ ಹಳೇ ಅಭ್ಯಾಸಕ್ಕೆ ಅಡ್ಡದಾರಿ ತೋರಿಸಿದರು, ನಾಯ್ಕ ನಕ್ಷೆಯಲ್ಲಿದ್ದ ದಾರಿಯನ್ನೇ ಹಿಡಿದ. ಆಸ್ಪತ್ರೆಯಲ್ಲಿ ಡಾಕ್ಟರು, "ಇನ್ನರ್ಧ ಗಂಟೆ ತಡ ಆಗಿದ್ರೆ ಕಷ್ಟ ಇತ್ತು" ಅಂದರಂತೆ. ಚಿಕ್ಕೀರಪ್ಪ ಆರನೇ ದಿನಕ್ಕೆ ಊರುಗೋಲು ಹಿಡಿದು ಮನೆಗೆ ಬಂದ. ಬಂದವನು ಪಾಲಮ್ಮನ ಮನೆಗೆ ಹೋಗಿ ಜಗಲಿ ಮೇಲೆ ಕೂತು, ತಿಪ್ಪೇಶಿ ಕೈ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ನೀರು ಕುಡಿದು ಹೋದ.

ಅವತ್ತು ಪಾಲಮ್ಮನಿಗೆ ತಾನೂ ಆ ಫೋನು ಒಂದ್ಸಲ ಮುಟ್ಟಬೇಕು ಅನ್ನಿಸ್ತು. ಅಕ್ಷರ ಬಾರದವಳು ಅವಳು. ಲೈಬ್ರರಿಗೆ ಹೋಗಿ ಕೇಳಿದಳು.

"ನಾನೂ ಒಂದು ಹಾಕಬಹುದಾ ತಾಯಿ?"

"ಅದಕ್ಕೇ ಅಲ್ವಾ ಮಾಡಿದ್ದು" ಅಂತ ನಸೀಮಾ ಫೋನು ಕೊಟ್ಟಳು.

ಪಾಲಮ್ಮ ತನ್ನ ಮನೆ ಹುಡುಕಿದಳು, ಚಿತ್ರ ನೋಡಿ ನೋಡಿ ಒತ್ತಿದಳು, ಹಿತ್ತಲಲ್ಲಿದ್ದ ತನ್ನ ಮೇಕೆ ಕೊಟ್ಟಿಗೆ ಹಾಕಿದಳು. ಯಾರೂ ಹೇಳಿಕೊಡಲಿಲ್ಲ. ನಸೀಮಾ ಅವಳ ಕೈಯನ್ನೇ ನೋಡ್ತಾ ಕೂತಿದ್ದಳು. ಸಂತೋಷಕ್ಕೆ ಇಬ್ಬರಿಗೂ ಕಾಣಲಿಲ್ಲ, ಹೆಬ್ಬೆಟ್ಟು ಒಂದು ಎಳೆ ಜಾರಿ ಕೊಟ್ಟಿಗೆ ಹೋಗಿ ಬೀದಿ ಮಧ್ಯದಲ್ಲಿ ಕೂತಿತ್ತು.

ನಸೀಮಾ ದಾವಣಗೆರೆಗೆ ಹೊರಟಳು. ಹೊರಡೋ ಮುಂಚೆ ಫೋನಿನಲ್ಲಿ ಕೊನೆಯದಾಗಿ ಒಂದು ಮಾತು ಸೇರಿಸಿದ್ದಳು. "ನಕ್ಷೆಯಲ್ಲಿ ಇರುವುದೂ ಊರಲ್ಲಿ ಇರುವುದೂ ಒಂದೇ ಥರ ಇದೆಯೇ ನೋಡಿ. ಇಲ್ಲದಿದ್ದರೆ ಸರಿಪಡಿಸಿ." ಎಲ್ಲರಿಗೂ ಅರ್ಥ ಆಗೋ ಮಾತು ಅಂತ ಅವಳು ನಂಬಿದ್ದಳು.

ಸೋಮವಾರ ಪಾಲಮ್ಮ ಕಂಬಳಿ ಹೊತ್ತು ಸಂತೆಗೆ ಹೋದಳು. ತಿಪ್ಪೇಶಿ ಫೋನು ತೆಗೆದು ನೋಡಿದ. ಶಾಲೆ ಸರಿ ಇದೆ. ಬಾವಿ ಸರಿ ಇದೆ. ಕೊಟ್ಟಿಗೆ ಮಾತ್ರ ನಕ್ಷೆಯಲ್ಲಿ ಬೀದಿ ಮಧ್ಯ ಇದೆ, ಊರಲ್ಲಿ ಹಿತ್ತಲಲ್ಲಿ ಇದೆ. ಅವ್ವ ಒತ್ತಿದ್ದು. ಅವ್ವ ತಪ್ಪು ಒತ್ತೋಳಲ್ಲ. ಸರಿಪಡಿಸಿ ಅಂತ ಬರೆದಿದೆ.

ಹಾರೆ ತಗೊಂಡ. ನಾಲ್ಕು ಕಂಬ ಕಿತ್ತ. ಸೋಗೆ ಬಿಚ್ಚಿ ಹೊತ್ತು ತಂದ. ಬೀದಿ ಮಧ್ಯ ನಾಲ್ಕು ಗುಂಡಿ ತೋಡಿ ಕಂಬ ನಿಲ್ಲಿಸಿದ, ಸೋಗೆ ಹೊದಿಸಿದ, ಎರಡು ಮೇಕೆ ತಂದು ಕಟ್ಟಿದ, ಮುಂದೆ ಸೊಪ್ಪು ಹಾಕಿದ. ಈ ಕಡೆಯಿಂದ ಒಂದು ಟ್ರಾಕ್ಟರ್ ಬಂದು ನಿಂತಿತು, ಆ ಕಡೆಯಿಂದ ಹಾಲಿನ ಗಾಡಿ ಬಂದು ನಿಂತಿತು. ಯಾರೋ ರುದ್ರಮುನಿಗೆ ಫೋನ್ ಮಾಡಿ, "ಪಾಲಮ್ಮನ ಕೊಟ್ಟಿಗೆ ಬೀದಿ ಮಧ್ಯ ಇದೆಯಲ್ಲಣ್ಣ, ಏನು ಕತೆ?" ಅಂದರು.

ರುದ್ರಮುನಿ ಲೈಬ್ರರಿಯಲ್ಲಿ ಕೂತೇ ನಕ್ಷೆ ತೆರೆದು ನೋಡಿದ. ಹೌದು, ಬೀದಿ ಮಧ್ಯವೇ ಇದೆ. "ಪಾಪ, ಕೈ ಜಾರಿದೆ ಮುದುಕಿಗೆ. ಇಷ್ಟಕ್ಕೆ ಫೋನ್ ಬೇರೆ ಮಾಡ್ತಾರೆ" ಅಂದುಕೊಂಡ. ಕೊಟ್ಟಿಗೆಯನ್ನ ಬೆರಳಲ್ಲಿ ಎಳೆದು ಹಿತ್ತಲಿಗೆ ಇಟ್ಟು, ಕೆಲಸ ಮುಗೀತು ಅಂತ ಪೇಪರ್ ಓದೋಕೆ ಕೂತ.

ಅಷ್ಟು ಹೊತ್ತಿಗೆ ಪಾಲಮ್ಮ ಸಂತೆಯಿಂದ ಬಂದಳು. ತಲೆ ಮೇಲೆ ಉಣ್ಣೆಯ ಗಂಟು. ಬೀದಿ ಮಧ್ಯ ನಿಂತು ತನ್ನ ಮೇಕೆಗಳನ್ನ ನೋಡಿದಳು, ಆಚೆ ಈಚೆ ನಿಂತ ಗಾಡಿಗಳನ್ನ ನೋಡಿದಳು, ಬೆವರು ಒರೆಸಿಕೊಳ್ತಿದ್ದ ಮಗನನ್ನ ನೋಡಿದಳು.

"ಯಾರಪ್ಪ ನಿನಗೆ ಇದನ್ನ ಇಲ್ಲಿಗೆ ತಾ ಅಂದೋರು?"

"ನೀನೇ ಅವ್ವ. ನೀನೇ ಒತ್ತಿದ್ದು, ನೋಡು" ಅಂತ ತಿಪ್ಪೇಶಿ ಫೋನು ತೆಗೆದು ಅವಳ ಮುಂದೆ ಹಿಡಿದ.

ಇಬ್ಬರೂ ಬಗ್ಗಿ ನೋಡಿದರು. ಕೊಟ್ಟಿಗೆ ಹಿತ್ತಲಲ್ಲಿ ಇತ್ತು.

ತಿಪ್ಪೇಶಿ ಫೋನು ನೋಡಿದ, ಬೀದಿ ನೋಡಿದ, ಮತ್ತೆ ಫೋನು ನೋಡಿದ. "ಹ್ಞೂ" ಅಂತ ಅದನ್ನ ಜೇಬಿಗೆ ಹಾಕಿಕೊಂಡು, ಹಾರೆ ಎತ್ತಿ, ಮೊದಲನೇ ಕಂಬ ಕೀಳೋಕೆ ಶುರು ಮಾಡಿದ.