ಎಡಕ್ಕೆ ಬಾಗಿದ ಬಳ್ಳಿ

"ಗುರುಗಳೇ, ಅವನನ್ನು ಮಠದಿಂದ ಕಳಿಸಿಬಿಡಲೇ?" ಎಂದು ಸಿದ್ಧವೀರ ಸಿಟ್ಟಿನಿಂದ ಕೇಳಿದ. ಹೊಸದಾಗಿ ಸೇರಿದ ಶಿಷ್ಯನಿಗೆ ಆರತಿ ಎತ್ತುವುದನ್ನು ಕಲಿಸುವ ಕೆಲಸ ಅವನದು. ತಾನು ಬಲಗೈಯಲ್ಲಿ ಎತ್ತಿ ತೋರಿಸಿದರೆ ಆ ಮಹಾಶಯ ಎಡಗೈಯಲ್ಲಿ ಎತ್ತುತ್ತಿದ್ದ. ದೇವರ ಮುಂದೆ ಎಡಗೈ! ಬೇಕೆಂದೇ ಅಣಕಿಸುತ್ತಿದ್ದಾನೆಂದು ಸಿದ್ಧವೀರನಿಗೆ ಖಾತ್ರಿಯಾಗಿಹೋಗಿತ್ತು.

ಗುರುಗಳು ಅವನನ್ನು ಕೂರಲು ಹೇಳಿ ಕತೆ ಶುರುಮಾಡಿದರು.

ಒಬ್ಬ ಹೆಂಗಸು ಮದುವಣಗಿತ್ತಿಯರಿಗೆ ಮೊಗ್ಗಿನ ಜಡೆ ಹೆಣೆಯುತ್ತಿದ್ದಳು. ಜಡೆಯ ಮೇಲೆ ಮಲ್ಲಿಗೆ ಮೊಗ್ಗಿನ ಬಳ್ಳಿ ಬಲಕ್ಕೆ ಬಾಗಿ ಏರಬೇಕು. ಅವಳ ಕೈಯ ಜಡೆಗೆ ಅದೇ ಗುರುತು. ಆ ವಿದ್ಯೆ ತನ್ನೊಂದಿಗೆ ಮಣ್ಣಾಗಬಾರದೆಂದು ಸೊಸೆಯನ್ನು ಎದುರಿಗೆ ಕೂರಿಸಿಕೊಂಡಳು. ಇಬ್ಬರ ಕೈಯಲ್ಲೂ ಒಂದೊಂದು ಉದ್ದನೆಯ ಚೌರಿಕೂದಲು. ಅತ್ತೆಯ ಕೈ ನೋಡುತ್ತ ನೋಡುತ್ತ ಸೊಸೆ ಹೆಣೆದಳು. ಮುಗಿದಾಗ ಅವಳ ಬಳ್ಳಿ ಎಡಕ್ಕೆ ಬಾಗಿತ್ತು.

ಅತ್ತೆ ಬಿಚ್ಚಿಸಿದಳು. ಮತ್ತೆ ಹೆಣೆದರೂ ಎಡಕ್ಕೇ ಬಾಗಿತು. ಅದನ್ನು ಸರಿಸಿ ತನ್ನ ಜಡೆಯ ಪಕ್ಕಕ್ಕಿಟ್ಟು ನೋಡಿದಳು, ಹೊಂದಲಿಲ್ಲ. ತಲೆಕೆಳಗಾಗಿ ತಿರುಗಿಸಿದಳು, ಆಗಲೂ ಬಳ್ಳಿ ಎಡಕ್ಕೇ ಏರಿತ್ತು. ಅವಳ ಪಿತ್ತ ನೆತ್ತಿಗೇರಿತು.

"ನನ್ನನ್ನೇ ಅಣಕಿಸ್ತೀಯೇನೇ? ನಡಿ ನಿನ್ನ ತವರಿಗೆ!"

"ನೀವು ಮಾಡಿದ ಹಾಗೇ ಮಾಡಿದೆ, ಅತ್ತೆ."

ಮೇಲೆ ಎದುರುತ್ತರ ಬೇರೆ ಎಂದು ಅತ್ತೆ ಅವಳ ಗಂಟುಮೂಟೆಯನ್ನು ಬೀದಿಗೆಸೆದಳು. ಸೊಸೆ ಅಳುತ್ತ ಹೊರಟುಹೋದಳು.

ಆ ಜಡೆಯನ್ನೂ ಬಿಸಾಡಿಬಿಡೋಣವೆಂದು ಅತ್ತೆ ಎತ್ತಿಕೊಂಡಾಗ ಅದು ಗೋಡೆಯ ಕನ್ನಡಿಯಲ್ಲಿ ಕಂಡಿತು. ಕನ್ನಡಿಯೊಳಗೆ ಬಳ್ಳಿ ಬಲಕ್ಕೆ ಬಾಗಿತ್ತು. ಒಂದು ಮೊಗ್ಗೂ ಆಚೀಚೆ ಆಗಿರಲಿಲ್ಲ. ಥೇಟ್ ಅವಳದೇ ಕೈಕೆಲಸ. ಅವಳು ಬೀದಿಗೆ ಓಡಿ ಬಂದಳು. ಬೀದಿಯಲ್ಲಿ ಯಾರೂ ಇರಲಿಲ್ಲ.

ಸಿದ್ಧವೀರನಿಗೆ ತಡೆಯಲಾಗಲಿಲ್ಲ. "ಎಂಥ ಹೆಂಗಸು ಗುರುಗಳೇ ಅವಳು! ಎದುರಿಗೆ ಕೂರಿಸಿಕೊಂಡರೆ ಇವಳ ಬಲ ಆ ಹುಡುಗಿಗೆ ಎಡವಾಗದೆ ಇನ್ನೇನಾಗುತ್ತದೆ? ಪಕ್ಕದಲ್ಲಿ ಕೂರಿಸಿಕೊಳ್ಳುವಷ್ಟಾದರೂ ಬುದ್ಧಿ ಬೇಡವೇ? ತಪ್ಪು ತನ್ನದು, ಬೀದಿಪಾಲಾದವಳು ಸೊಸೆ. ಅಂಥವಳಿಗೆ ನಾಲ್ಕು ಬಿಗಿಯಬೇಕು!"

ಗುರುಗಳು ಅವನ ಮುಖವನ್ನೇ ನೋಡುತ್ತ ಕೇಳಿದರು:

"ಆರತಿ ಕಲಿಸುವಾಗ ನಿನ್ನ ಶಿಷ್ಯ ಎಲ್ಲಿ ನಿಂತಿರುತ್ತಾನೆ?"