ನೆನಪಿಲ್ಲ ಅಂದ ಮಂಗಳಿ

ಬಹಳ ಹಿಂದೆ, ನಿಮ್ಮಜ್ಜನ ಅಜ್ಜನಿಗೂ ಮೀಸೆ ಮೂಡದ ಕಾಲದಲ್ಲಿ, ಹೊಳೆ ಹೋಗಿ ಸಮುದ್ರಕ್ಕೆ ಸೇರುವಲ್ಲಿ ಒಂದು ಊರಿತ್ತಂತೆ. ಒಂದು ಕಡೆ ಗುಡ್ಡ, ಒಂದು ಕಡೆ ಉಪ್ಪುನೀರಿನ ಹೊಳೆ, ನಡುವೆ ಕಣ್ಣು ಹಾಯುವಷ್ಟೂ ಗಜನಿ. ಗಜನಿ ಅಂದ್ರೆ ಗೊತ್ತಲ್ಲ? ಹೊಳೆಗೆ ಮಣ್ಣಿನ ಒಡ್ಡು ಹಾಕಿ ಉಳಿಸಿಕೊಂಡ ಗದ್ದೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಭತ್ತ, ಉಪ್ಪು ತಾಗಿದರೂ ಜಗ್ಗದ ಭತ್ತ. ಕೊಯ್ಲು ಮುಗಿಯಿತೋ, ಒಡ್ಡಿನ ಬಾಗಿಲು ತೆಗೆದು ಹೊಳೆನೀರು ಬಿಡುವುದು, ಸಿಗಡಿ ಏಡಿ ಹಿಡಿಯುವುದು. ಅರ್ಧ ವರ್ಷ ಭತ್ತ, ಅರ್ಧ ವರ್ಷ ಮೀನು. ಊರಿನ ಹೊಟ್ಟೆ ನಡೆಯುತ್ತಿದ್ದದ್ದು ಇಷ್ಟರಲ್ಲೇ.

ಆ ಬಾಗಿಲು ಕಾಯುತ್ತಿದ್ದವಳು ಮಂಗಳಿ. ಗಂಡ ಸತ್ತ ಮೇಲೆ ಆ ಕೆಲಸ ಅವಳಿಗೆ ಬಂತು. ಉಬ್ಬರಕ್ಕೆ ಬಾಗಿಲ ಹಲಗೆ ಇಳಿಸಬೇಕು, ಇಳಿತಕ್ಕೆ ಎತ್ತಬೇಕು. ಗಟ್ಟಿ ಹೆಂಗಸು, ಬಾಯಿಯೂ ಗಟ್ಟಿ. ಅವಳು ಒಡ್ಡಿನ ಮೇಲೆ ನಿಂತು ಕೂಗಿದರೆ ಆಚೆ ದಡದ ದೋಣಿಯವ ಹುಟ್ಟು ಕೈಬಿಡುತ್ತಿದ್ದನಂತೆ. ನಗಬೇಡ್ರೋ! ನಮ್ಮಜ್ಜಿ ಹೇಳಿದ್ದು ಇಷ್ಟೇ, ನಾನು ಒಂದು ಚೂರೂ ಕಡಿಮೆ ಮಾಡುವವನಲ್ಲ.

ಆದರೆ ಅವಳು ಹೆಸರುವಾಸಿಯಾದದ್ದು ನೆನಪಿಗೆ. ಯಾರ ಗದ್ದೆ ಎಲ್ಲಿ ಶುರು, ಎಲ್ಲಿ ಕೊನೆ, ಯಾರಜ್ಜ ಎಲ್ಲಿ ಗಡಿಗಲ್ಲು ಹೂತ, ಎಲ್ಲ ಬಾಯಲ್ಲೇ. ಜಗಳ ಹತ್ತಿದರೆ ಜನ ಮಂಗಳಿಯನ್ನು ಕರೆಯುತ್ತಿದ್ದರಂತೆ, ಅವಳು ಬೆರಳು ತೋರಿಸಿದರೆ ಮಾತು ಮುಗಿಯಿತಂತೆ. ಇದರ ಬಗ್ಗೆ ಅವಳಿಗೆ ಜಂಬವೂ ಇತ್ತು. ಯಾಕಿರಬಾರದು?

ಒಂದು ವರ್ಷ ಬೇಸಗೆಯ ಕೊನೆಗೆ ಸಮುದ್ರ ಹುಚ್ಚೆದ್ದಿತು. ಒಡ್ಡು ಒಡೆಯಿತು, ಗಜನಿ ಹೊಳೆಯಾಯಿತು. ಊರೇ ಇಳಿದು ಒಡ್ಡು ಕಟ್ಟಿತು ಅನ್ನಿ. ನೀರು ಇಳಿದ ಮೇಲೆ ನೋಡಿದರೆ ಒಂದು ಅಂಚಿಲ್ಲ, ಒಂದು ಗೂಟವಿಲ್ಲ, ಗಡಿಗಲ್ಲುಗಳೆಲ್ಲ ಕೆಸರಿನ ಅಡಿಗೆ. ಗುಡ್ಡದ ಮಗ್ಗುಲಿಗೆ ಬಿತ್ತಿದ್ದೆಲ್ಲ ಬೆಳೆಯುವ ಬೆಣ್ಣೆಯಂಥ ಗೋಡುಮಣ್ಣು ಬಂದು ಕೂತಿದೆ, ಹೊಳೆ ಮಗ್ಗುಲು ಕೊರೆದು ಹೊಂಡವಾಗಿದೆ.

ಶುರುವಾಯಿತು ನೋಡಿ. ರಾತ್ರಿ ಬೆಳಗಾಗುವುದರೊಳಗೆ ಎಲ್ಲರ ಗದ್ದೆಯೂ ಗುಡ್ಡದ ಮಗ್ಗುಲಲ್ಲೇ! ಊರಗೌಡ ಹಮ್ಮಣ್ಣ, ನಮ್ಮದು ಮೊದಲಿಂದಲೂ ಇಲ್ಲೇ ಅಂದ. ಅದು ನಿಜವೇ. ಹೊಳೆ ಮಗ್ಗುಲಿನ ಬೀರನೂ, ನಮ್ಮದೂ ಇಲ್ಲೇ ಅಂದ. ಅದು ಸುಳ್ಳು. ಆದರೆ ಮನೆತುಂಬ ಮಕ್ಕಳಿರುವವನು ಹೊಂಡದಲ್ಲಿ ಬಿತ್ತಿ ಏನು ತಿನ್ನಿಸಬೇಕು? ಇತ್ತ ಅವಸರಗೇಡಿಗಳು ಬೀಜ ನೆನೆಹಾಕಿ ಕೂತಿದ್ದರು. ಮೊಳಕೆ ಬಂದು ಬುಟ್ಟಿಯೊಳಗೆ ಬಿಸಿಯೇರುತ್ತಿತ್ತು. ನಾಳೆ ಬಿತ್ತದಿದ್ದರೆ ಕೊಳೆತುಹೋಗುತ್ತದೆ, ಬೇರೆ ಬೀಜ ಊರಲ್ಲಿಲ್ಲ. ಗಂಡಸರು ಕತ್ತಿ ಹಿಡಿದು ಒಡ್ಡಿಗೆ ಬಂದರು. ಮಂಗಳಿ ಹೇಳಲಿ ಅಂದರು.

ಮಂಗಳಿ ಹಲಗೆಗೆ ಒರಗಿ ನಿಂತಿದ್ದಳು. ಕಣ್ಣು ಮುಚ್ಚಿದರೆ ಒಂದೊಂದು ಅಂಚೂ ಅವಳಿಗೆ ಕಾಣುತ್ತಿತ್ತು. ಅವಳದೇ ತುಂಡು ಗುಡ್ಡದ ಮಗ್ಗುಲಲ್ಲಿ, ಆ ಗೋಡಿನ ನಟ್ಟನಡುವೆ. ಬೆರಳೆತ್ತಿದರೆ ಸಾಕು, ತಾನು ಗೆದ್ದ ಹಾಗೆ, ಗೌಡ ಗೆದ್ದ ಹಾಗೆ, ಬೀರನ ಮನೆ ಒಲೆ ಆರಿದ ಹಾಗೆ. ಬೀರ ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಅಳುಕಿದ್ದು ಗದ್ದೆ ಹೋಗುವುದಕ್ಕಲ್ಲ, ಹೆಸರು ಹೋಗುವುದಕ್ಕೆ.

"ನಂಗೆ ನೆನಪಿಲ್ಲ" ಅಂದಳು.

ಜನ ನಂಬಲಿಲ್ಲ. ಮತ್ತೆ ಕೇಳಿದರು. ಮತ್ತೆ ಅದನ್ನೇ ಅಂದಳು. ಹಮ್ಮಣ್ಣ ರೇಗಿ, ಅರಳುಮರಳು ಹಿಡಿದವಳ ಕೈಗೆ ಬಾಗಿಲು ಕೊಟ್ಟು ಕೂತಿದ್ದೇವಲ್ಲ ಅಂತ ಬೈದ. ಬೈಸಿಕೊಂಡಳು. ಆಮೇಲೆ ತನ್ನ ಬೀಜದ ಬುಟ್ಟಿ ತಂದು ಎಲ್ಲರ ಬುಟ್ಟಿಯ ನಡುವೆ ಇಟ್ಟಳು.

"ಬೀಜ ನಿಮ್ಮ ಜಗಳ ಮುಗಿಯೋ ತನಕ ಕಾಯೂದಿಲ್ಲ, ಹಮ್ಮಣ್ಣಾ. ಒಟ್ಟಿಗೆ ಬಿತ್ತಿ, ಒಟ್ಟಿಗೆ ಕೊಯ್ರಿ, ಉಣ್ಣೋ ಬಾಯಿ ನೋಡಿ ಹಂಚ್ಕೊಳ್ರಿ. ಗಡಿ ಆಮೇಲೆ ಹುಡುಕಿದ್ರಾಯ್ತು."

ಬೇರೆ ದಾರಿ ಇರಲಿಲ್ಲ, ಬಿತ್ತಿದರು. ಆ ವರ್ಷ ಯಾರ ಕಣಜವೂ ತುಂಬಲಿಲ್ಲ, ಯಾರ ಒಲೆಯೂ ಆರಲಿಲ್ಲ. ಆದರೆ ಮಂಗಳಿಗೆ ಮರೆಗುಳಿ ಅಂತ ಹೆಸರು ಬಿತ್ತು. ಗಡಿ ಕೇಳಲು ಯಾರೂ ಅವಳ ಬಳಿ ಬರಲಿಲ್ಲ. ಕಾಲು ಕೆರೆದು ಜಗಳಕ್ಕೆ ಹೋಗುತ್ತಿದ್ದವಳು ಬಾಯಿ ಮುಚ್ಚಿಕೊಂಡು ಹಲಗೆ ಎತ್ತಿದಳು, ಇಳಿಸಿದಳು.

ವರ್ಷಗಳು ಕಳೆದವು, ಒಟ್ಟಿಗೆ ಬಿತ್ತುವುದೇ ರೂಢಿಯಾಯಿತು. ಗೋಡು ತುಂಬಿ ತುಂಬಿ ಹೊಂಡವೂ ಮೇಲೆದ್ದಿತು, ಗಜನಿಯೆಲ್ಲ ಒಂದೇ ಸಮವಾಯಿತು. ಮುದುಕನಾದ ಹಮ್ಮಣ್ಣನಿಗೆ ಅಜ್ಜ ಹೂತ ಗಡಿಗಲ್ಲನ್ನೊಮ್ಮೆ ನೋಡಿ ಸಾಯುವ ಆಸೆ. ಕೊಯ್ಲಾದ ಮೇಲೆ ಅಲ್ಲಿ ಇಲ್ಲಿ ಅಗೆಸಿ ಸೋತ. ಮಂಗಳಿ ಒಡ್ಡಿನಿಂದ ಇಳಿದು ಬಂದಳು. ನೇರ ನಡೆದು ಒಂದು ಕಡೆ ನಿಂತು ಕಾಲಿನ ಹೆಬ್ಬೆರಳೂರಿ, ಇಲ್ಲಿ ಅಗೆಯಿರಿ ಅಂದಳು. ಗುದ್ದಲಿ ಕಲ್ಲಿಗೆ ತಾಗಿತು.

ಬೀರ ಅಲ್ಲೇ ಕೂತು ಅತ್ತುಬಿಟ್ಟನಂತೆ. ಹಾಗಾದರೆ ಅವತ್ತು ನಿನಗೆ ನೆನಪಿತ್ತೇ ಅಂತ ಹಮ್ಮಣ್ಣ ಕೇಳಿದ.

"ಅವತ್ತು ಮರ್ತಿತ್ತು, ಇವತ್ತು ನೆನಪಾಯ್ತು. ಉಬ್ಬರ ಬಂತು, ನಂಗೆ ಕೆಲ್ಸ ಇದೆ" ಅಂದು ಸೆರಗು ಕೊಡವಿ ಹೊರಟಳಂತೆ.

ಆ ಗಜನಿಯೊಳಗೆ ಇವತ್ತಿಗೂ ಒಂದು ಅಂಚಿಲ್ಲ. ಬಿತ್ತನೆಯ ದಿನ ಊರಿನ ಅತಿ ಹಿರಿಯಳನ್ನು ಒಡ್ಡಿನ ಮೇಲೆ ಕೂರಿಸುತ್ತಾರೆ. ಮನೆಗೊಬ್ಬರಂತೆ ಬಂದು, ನಮ್ಮ ಗದ್ದೆ ಎಲ್ಲಿ ಅಜ್ಜೀ ಅಂತ ಕೇಳಬೇಕು. ಗೊತ್ತಿದ್ದರೂ ಅವಳು ಹೇಳಬಾರದು. "ನೆನಪಿಲ್ಲ ಮಗಾ" ಅನ್ನಬೇಕು. ಹಾಗೆ ಅಂದ ಮೇಲೇ ಬೀಜದ ಬುಟ್ಟಿಗೆ ಕೈ ಹಾಕುವುದು.