ಬೈಗುಳ ಕೇಳಿಕೊಂಡು ಬಾ

ನದಿ ದಂಡೆಯ ಆಶ್ರಮದ ನೀಲಾಂಬಿಕೆ ಅಕ್ಕನವರಿಗೆ ಸಿಟ್ಟೇ ಬರುವುದಿಲ್ಲ ಎಂದು ಊರೆಲ್ಲ ನಂಬಿತ್ತು. ಊರಿನವರು ಯಾರೂ ಇಂದುಧರನನ್ನು ಕಾಲೇಜಿಗೆ ಸೇರಿಸಲು ಹೊರಟವರಲ್ಲ, ಅಷ್ಟೆ.

ಏಳು ವರ್ಷ ಅಕ್ಕನ ಬಳಿಯೇ ಇದ್ದು ಓದಿದ ಹುಡುಗ. ಪೆಟ್ರೋಲಿಯಂ ಎಂಜಿನಿಯರಿಂಗ್ ಓದಬೇಕೆಂದು ತಾನೇ ನಿಶ್ಚಯಿಸಿದ್ದ. ಮೂರು ಕಾಲೇಜುಗಳಲ್ಲಿ ಸೀಟು ಸಿಗುವಂತಿತ್ತು. ಯಾವುದು ಬೇಕೆಂದು ಶನಿವಾರ ಸಂಜೆ ಐದರೊಳಗೆ ತಿಳಿಸದಿದ್ದರೆ ಮೂರೂ ಕೈಬಿಟ್ಟಂತೆ.

"ಅಕ್ಕಾ, ಯಾವುದಕ್ಕೆ ಸೇರಲಿ?"

ಆ ಸೋಮವಾರ ಬೆಳಗಿನಿಂದ ಅದು ಒಂಬತ್ತನೆಯ ಸಲ. ಜೋಳ ಹಸನು ಮಾಡುತ್ತಿದ್ದ ಅಕ್ಕ ಮೊರ ಕೆಳಗಿಟ್ಟರು.

"ಹೋಗಿ ನೋಡಿ ಬಂದೆಯಲ್ಲ, ಏನಂದರು?"

"ಮೂರು ಕಡೆಯೂ ತಮ್ಮದೇ ಮೊದಲನೆಯದು ಅಂದರು."

"ಯಾರು?"

"ಆಫೀಸಿನಲ್ಲಿ ಕೂತವರು. ಹಣ್ಣಿನ ರಸ ಕೂಡ ಕೊಟ್ಟರು."

"ನಮ್ಮ ಹುಡುಗ ಗೊರಕೆ ಹೊಡೆಯುತ್ತಾನೆ ಅಂತ ಗಂಡಿನ ಕಡೆಯವರು ತಾವಾಗಿ ಹೇಳುತ್ತಾರೇನೋ?"

ಅಕ್ಕ ಎದ್ದು ಒಳಗಿಂದ ಅವನ ಚೀಲ ತಂದು ಹೆಗಲಿಗೆ ತಗುಲಿಸಿದರು.

"ಮತ್ತೆ ಹೋಗು. ಈ ಸಲ ಆಫೀಸಿಗೆ ಕಾಲಿಡಬೇಡ. ಓದುವ ಹುಡುಗರ ಪಕ್ಕ ಕೂತು ಉಣ್ಣು. ಅವರು ಏನಂತ ಬೈಯುತ್ತಾರೋ ಕೇಳಿಕೊಂಡು ಬಾ."

"ಬೈಗುಳ ಕೇಳೋಕೆ ಮೂರು ಊರು ಸುತ್ತಬೇಕಾ ಅಕ್ಕಾ?"

"ಇಲ್ಲೇ ಕೇಳುವ ಆಸೆಯಿದ್ದರೆ ಹೇಳು. ನಾಲಿಗೆ ತುದಿಯಲ್ಲೇ ಇದೆ."

ಶುಕ್ರವಾರ ಅವನು ಮುಖ ಬಾಡಿಸಿಕೊಂಡು ಬಂದ.

"ಮೂರೂ ಬೇಡ ಅಕ್ಕಾ. ಎಲ್ಲ ಕಡೆಯೂ ಬೈಯುತ್ತಾರೆ."

"ಸಂತೋಷ. ಮೊದಲನೆಯ ಕಡೆ ಏನಂತ?"

"ಹಾಸ್ಟೆಲ್ಲಿನ ಸಾರಿನಲ್ಲಿ ಬೇಳೆಯೇ ಇಲ್ಲ ಅಂತ."

"ಎರಡನೆಯ ಕಡೆ?"

"ಮೇಷ್ಟ್ರುಗಳೇ ಬರುವುದಿಲ್ಲ, ಲ್ಯಾಬಿನ ಬೀಗ ತೆಗೆದದ್ದನ್ನು ಯಾರೂ ಕಂಡಿಲ್ಲ ಅಂತ."

"ಮೂರನೆಯ ಕಡೆ?"

"ಅಯ್ಯೋ, ಅಲ್ಲಿಯದು ಕೇಳಲೇಬೇಡಿ. ಎಣ್ಣೆ ಬಾವಿ ಕೊರೆಯುವಾಗ ಒಳಗೆ ಇಳಿಸುವ ಕೆಸರು ಇರುತ್ತದಲ್ಲ, ಅದನ್ನು ಹುಡುಗರೇ ಕಲಸಿ ತೂಗಬೇಕಂತೆ. ತೂಕ ಚೂರು ತಪ್ಪಿದರೂ ಮೇಡಂ ಒಬ್ಬರು ಚೆಲ್ಲಿಸಿ, ಮತ್ತೆ ಕಲಸು ಅಂತಾರಂತೆ. ಒಬ್ಬ ಹದಿನಾಲ್ಕು ಸಲ ಕಲಸಿದನಂತೆ! ರಾಕ್ಷಸಿ ಅಂತಲೇ ಆಕೆಯ ಹೆಸರು."

"ತೂಕ ತಪ್ಪಿದರೆ ಏನಾಗುತ್ತದಂತೆ?"

"ಕೆಸರು ಹಗುರಾದರೆ ಬಾವಿ ಉಕ್ಕಿ ಸಿಡಿಯುತ್ತದಂತೆ. ಮೇಲೆ ನಿಂತವರು ಉಳಿಯುವುದಿಲ್ಲ."

ಹೇಳಿದವನ ಕೈ ತಟ್ಟನೆ ಜೇಬಿಗೆ ಹೋಯಿತು.

ಅವನೇ ಫೋನು ತೆಗೆದು, ಮೂರನೆಯ ಕಾಲೇಜಿನ ಹೆಸರು ಒತ್ತಿ ಕಳಿಸಿದ.

"ಅಬ್ಬಾ!" ಎಂದು ಅಕ್ಕ ಉಸಿರುಬಿಟ್ಟರು.

"ಆ ಹುಡುಗರು ನಮ್ಮ ಆಶ್ರಮದ ಬಗ್ಗೆಯೂ ಕೇಳಿದರು ಅಕ್ಕಾ," ಎಂದ ಇಂದುಧರ. "ನಿಮ್ಮನ್ನು ಬಾಯಿತುಂಬ ಹೊಗಳಿ ಬಂದೆ."

ಅಕ್ಕನ ಮುಖ ಕಪ್ಪಿಟ್ಟಿತು.

"ಏಳು ವರ್ಷ ಇಟ್ಟುಕೊಂಡು, ಬೈಸಿಕೊಳ್ಳುವಷ್ಟು ಏನನ್ನೂ ಕಲಿಸಲಿಲ್ಲವೇನೋ ನಾನು ನಿನಗೆ?"